ಬುಗುರಿ ಎತ್ತಿದ ಮುಷ್ಟಿ

ಸೆಪ್ಟೆಂಬರ್ 1, ಮಂಗಳವಾರ

ಮಹಾಜನಗಳೇ! ಮಾತೆಯರೇ! ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತ ಮಹನೀಯರೇ! ಸದ್ದು, ಸದ್ದು! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿಬಿಡಿ. ಫೋನು ಮುಟ್ಟದ ಆ ನಡುಗಡ್ಡೆಯಲ್ಲಿ, ಹೆಂಗಸರ ಬಿಡಾರದಲ್ಲಿ, ನನ್ನ ಮಗಳು ಈ ಕಾಗದವನ್ನು ಗಟ್ಟಿಯಾಗಿ ಓದುತ್ತಾಳೆಂದು ಬಲ್ಲೆ. ಆದ್ದರಿಂದ ವೆಲ್ಡಿಂಗ್ ಅಕ್ಕನಿಗೂ ಕ್ಯಾಂಟೀನಿನ ಅಜ್ಜಿಗೂ ಈ ಮುದಿ ನಟನ ನಮಸ್ಕಾರ. ಪರದೆ ಏಳಲಿ!

ಮಗಳೇ, ನೀನು ಕ್ರೇನು ನಡೆಸಲು ದೋಣಿ ಹತ್ತಿ ಹದಿನೈದು ದಿನವಾಯಿತು. ಅಡುಗೆಮನೆಯ ಗೋಡೆಗೆ ನೀನು ಅಂಟಿಸಿ ಹೋದ ಬುಗುರಿಯ ಆಟಗಳ ಪಟ್ಟಿಯನ್ನು ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಬಾಯಿಪಾಠ ಮಾಡುತ್ತೇನೆ. ಒಂದು: ತಟ್ಟೆಯಲ್ಲಿ ಅಕ್ಕಿ ಹರಡಿ ಕೈಯಾಡಿಸಲು ಬಿಡುವುದು. ಎರಡು: ಲೋಟದಿಂದ ಲೋಟಕ್ಕೆ ನೀರು. ಮೂರು: ಹಿಟ್ಟಿನ ಮುದ್ದೆ. ನಾಲ್ಕು: ಅಂಗಡಿ ಆಟ. ಐದು: ಖಾಲಿ ರಟ್ಟಿನ ಪೆಟ್ಟಿಗೆ, 'ಅವಳೇನು ಮಾಡಿದರೂ ಸರಿ'. ಐದನೆಯದು ನನಗೆ ಅರ್ಥವಾಗಲಿಲ್ಲ. ಏನು ಮಾಡಿದರೂ ಸರಿ ಎಂದರೆ ಅದು ನಾಟಕವೇ ಅಲ್ಲ, ಗದ್ದಲ.

ಇರಲಿ, ನಿನ್ನೆ ಒಂದನೇ ಅಂಕ. ದೊಡ್ಡ ತಟ್ಟೆಯಲ್ಲಿ ಅಕ್ಕಿ ಹರಡಿದೆ. ಅದು ಮರುಭೂಮಿ! ಚಮಚ ಒಂಟೆ! ನಾನು ತೃಷೆಯಿಂದ ಬಳಲಿದ ಅರಸು! ಅಂಟು ಮೀಸೆ ಹಚ್ಚಿ, ಹೆಗಲಿಗೆ ಹೊದಿಕೆ ಹೊದ್ದು, "ನೀರು! ನೀರು! ಈ ಉರಿಮರಳಿನಲ್ಲಿ ನನಗೆ ಹನಿ ನೀರು ಕೊಡುವವರಿಲ್ಲವೇ!" ಎಂದು ಬಿದ್ದೆ. ಕೆಳಮನೆಯ ಹೊಲಿಗೆಯಮ್ಮ ಗಾಬರಿಯಾಗಿ ನೀರಿನ ಚೊಂಬು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅಭಿನಯವೆಂದರೆ ಅದು!

ಬುಗುರಿ? ನನ್ನ ಮೊಮ್ಮಗಳು, ನಮ್ಮ ಎರಡೂವರೆ ವರ್ಷದ ಪ್ರೇಕ್ಷಕಿ? ಮೂಕವಿಸ್ಮಿತಳಾಗಿ ಕೂತಿದ್ದಳು. ಮೂಕ ಎಂಬ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀನು ಹೋದ ದಿನ ಬಾಯಿಗೆ ಹಾಕಿಕೊಂಡ ಬೀಗ ಇನ್ನೂ ತೆಗೆದಿಲ್ಲ. ಇದ್ದದ್ದು ಹತ್ತೋ ಹನ್ನೆರಡೋ ಮಾತು, ಅವೂ ಬಂದ್. ಚಿಂತೆ ಬೇಡ! ನಲವತ್ತು ವರ್ಷ ಕಲ್ಲಿನಂಥ ಪ್ರೇಕ್ಷಕರಿಂದ ಚಪ್ಪಾಳೆ ಕಿತ್ತವನು ನಾನು. ಒಂದು ಗೇಣುದ್ದದ ಕೂಸು ಯಾವ ಲೆಕ್ಕ?

ಆದರೆ ಒಂದು ಬೇಸರ. ನನ್ನ ಮಾತು ರಂಗೇರುವ ಹೊತ್ತಿಗೆ ಸರಿಯಾಗಿ ಅವಳು ಕೈ ಎತ್ತಿ ಮುಷ್ಟಿ ತೋರಿಸಿದಳು. ತಾತನಿಗೆ ಗುದ್ದು! ಆಮೇಲೆ ನೋಡಿದರೆ ನನ್ನ ಮೀಸೆಯೂ ಕಾಣೆ. ಬೆಕ್ಕು ಕೊಂಡೊಯ್ದಿರಬೇಕು.

ಇತಿ ನಿನ್ನ,
ಅಪ್ಪ


ಸೆಪ್ಟೆಂಬರ್ 4, ಶುಕ್ರವಾರ

ಅಪ್ಪಾ,

ನಿಮ್ಮ ಕಾಗದ ಓದುವಾಗ ವೆಲ್ಡಿಂಗ್ ಅಕ್ಕ ನಕ್ಕು ನಕ್ಕು ಮಂಚದಿಂದ ಬಿದ್ದಳು. ಕ್ಯಾಂಟೀನಜ್ಜಿ, "ನಿಮ್ಮಪ್ಪನ್ನ ಒಂದ್ಸಲ ಕರ್ಸೇ, ಇಲ್ಲಿ ಸಂಜೆ ಹೊತ್ತು ಕಳೆಯೋದೇ ಇಲ್ಲ" ಅಂದರು. ನಾನೂ ನಕ್ಕೆ. ಎಲ್ಲರೂ ಮಲಗಿದ ಮೇಲೆ ಇನ್ನೊಮ್ಮೆ ಓದಿದೆ, ಆಗ ನಗು ಬರಲಿಲ್ಲ.

ಅಪ್ಪಾ, ಮರುಭೂಮಿ ನಿಮ್ಮದು, ಒಂಟೆ ನಿಮ್ಮದು, ಬಾಯಾರಿಕೆ ನಿಮ್ಮದು. ಅವಳು ಅಕ್ಕಿ ಮುಟ್ಟಿದಳಾ? ಬೆರಳ ಸಂದಿಯಿಂದ ಸುರಿದಳಾ? ಒಂದು ಕಾಳು ಬಾಯಿಗೆ ಹಾಕಿಕೊಂಡಳಾ? ಅದೊಂದೂ ಕಾಗದದಲ್ಲಿ ಇಲ್ಲ.

ಡಾಕ್ಟರು ಹೇಳಿದ್ದು ನೆನಪಿದೆ ತಾನೇ? ಕಿವಿ ಸರಿಯಾಗಿದೆ, ಗಂಟಲು ಸರಿಯಾಗಿದೆ, ಮಾತಾಡು ಮಾತಾಡು ಅಂತ ಹಿಂಡಬೇಡಿ, ಜೊತೆಗೆ ಕೂತು ಆಡಿ, ಅವಳ ಕೈ ಹೋದ ಕಡೆ ನೀವು ಹೋಗಿ. ಪಟ್ಟಿ ಅದಕ್ಕೇ. ನೀರಾಟಕ್ಕೆ ಅಗಲವಾದ ಪಾತ್ರೆ ಇಡಿ, ನೆಲಕ್ಕೆ ಹಳೇ ಟವೆಲ್ ಹಾಸಿ, ಸ್ಪಂಜು ಕೊಡಿ. ಹಿಂಡಲಿ, ಚೆಲ್ಲಲಿ. ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ಸುಮ್ಮನೆ ಅಂದರೆ ಸುಮ್ಮನೆ, ಅಪ್ಪಾ.

ಇನ್ನೊಂದು ವಿಷಯ. ಮೂರು ತಿಂಗಳಿಗೆ ಅಂತ ಬಂದ ಕೆಲಸವನ್ನು ಇಂಜಿನಿಯರು ಕಾಯಂ ಮಾಡುತ್ತೇನೆ ಅನ್ನುತ್ತಿದ್ದಾರೆ. ಇನ್ನಾರು ತಿಂಗಳು ಇಲ್ಲಿ, ಆಮೇಲೆ ನಮ್ಮೂರ ಬಂದರಿನಲ್ಲೇ, ಮನೆಯಿಂದ ಓಡಾಡಿಕೊಂಡು. ಸೆಪ್ಟೆಂಬರ್ ಮೂವತ್ತರೊಳಗೆ ಸಹಿ ಹಾಕಬೇಕು. ಬುಗುರಿಯ ಅಪ್ಪ ನಮ್ಮನ್ನು ಬಿಟ್ಟು ಹೋದ ಮೇಲೆ ನಾನಾಗಿ ಕಲಿತ ಕೆಲಸ ಇದು, ಕೈಬಿಡಲು ಮನಸ್ಸಿಲ್ಲ. ಆದರೆ ಅವಳು ಹೀಗೆ ಬಾಯಿ ಕಟ್ಟಿಕೊಂಡು ಕೂತರೆ ನಾನು ಬಂದುಬಿಡುತ್ತೇನೆ. ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅಲಂಕಾರ ಬೇಡ.

ನಿಮ್ಮ ಮಗಳು


ಸೆಪ್ಟೆಂಬರ್ 8, ಮಂಗಳವಾರ

ಸಭಿಕರೇ, ನ್ಯಾಯ ಬೇಕು! ನನಗೆ ನ್ಯಾಯ ಬೇಕು!

ಅಲಂಕಾರ ಬೇಡವಂತೆ! ಮೀನಿಗೆ ನೀರು ಬೇಡ ಅಂದಂತಾಯಿತು. ಆಗಲಿ ತಾಯಿ. ಒಣ ವರದಿ ಕೇಳು.

ಶನಿವಾರ ನೀರಾಟ. ಪಾತ್ರೆ ಇಟ್ಟೆ, ಟವೆಲ್ ಹಾಸಿದೆ, ಸ್ಪಂಜು ಕೊಟ್ಟೆ. ಸುಮ್ಮನೆ ಕೂತೆ. ಎಷ್ಟು ಹೊತ್ತು? ಗಡಿಯಾರ ನೋಡಿದೆ, ನಾಲ್ಕು ನಿಮಿಷ. ನಾಲ್ಕು ನಿಮಿಷ ಬಾಯಿ ಮುಚ್ಚಿ ಇದ್ದದ್ದು ನನ್ನ ಜನ್ಮದಲ್ಲಿ ಹೆಣದ ಪಾತ್ರ ಮಾಡಿದಾಗ ಮಾತ್ರ. ಅವಳು ಸ್ಪಂಜು ಮುಳುಗಿಸುತ್ತಾಳೆ, ಎತ್ತುತ್ತಾಳೆ, ಗಾಳಿಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾಳೆ. ಮತ್ತೆ ಇಳಿಸುತ್ತಾಳೆ. ಹಿಂಡುವುದೇ ಇಲ್ಲ! ಕಥೆಯಿಲ್ಲ, ಸಂಘರ್ಷವಿಲ್ಲ, ಏನೂ ಇಲ್ಲ. ಐದನೇ ನಿಮಿಷಕ್ಕೆ ನನ್ನೊಳಗಿನ ಸೇನಾಧಿಪತಿ ಎದ್ದೇಬಿಟ್ಟ. "ಬಿರುಗಾಳಿ! ನಾವೆ ಮುಳುಗಿತು! ಹಾಯಿ ಇಳಿಸಿ!" ಎಂದು ಪಾತ್ರೆ ಅಲ್ಲಾಡಿಸಿದೆ. ನೀರು ಹೊಲಿಗೆಯಮ್ಮನ ಸೂರಿಗೆ ಇಳಿದು, ಅಲ್ಲಿಂದ ಹೊಸ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಅವಳು ಮೇಲೆ ಬಂದು ನನ್ನನ್ನು ಬೈದ ಬೈಗುಳ ಬರೆದರೆ ಕಾಗದ ಒದ್ದೆಯಾಗುತ್ತದೆ. ಮತ್ತೆ ಬುಗುರಿಯ ಆ ಮುಷ್ಟಿ! ನನ್ನ ಮೂಗಿನ ನೇರಕ್ಕೆ! ನಾನು ಬಿಡುತ್ತೇನೆಯೇ? ಎರಡು ಪಟ್ಟು ಗರ್ಜಿಸಿದೆ. ಅವಳು ಹೋಗಿ ಬಾಗಿಲ ಹಿಂದೆ ಕೂತಳು.

ಭಾನುವಾರ ಹಿಟ್ಟು. ನಾನು ಹಿಟ್ಟಿನಲ್ಲಿ ರಾಕ್ಷಸನ ತಲೆ ಮಾಡಿದೆ, ಕಿವಿ ಮೂಗು ಸಮೇತ, ಎಂಥ ತಲೆ! ಅವಳು ಅದನ್ನು ಗುದ್ದಿ ಚಪ್ಪಟೆ ಮಾಡಿ, ಅದರ ಮೇಲೆ ಚಮಚ ನಿಲ್ಲಿಸಿ, ಚಮಚದ ತುದಿಗೆ ದಾರ ಕಟ್ಟಲು ನೋಡಿದಳು. ಕಲೆಗೆ ಬೆಲೆಯೇ ಇಲ್ಲ. "ರಾಕ್ಷಸ ಏನಂತಾನೆ ಹೇಳು? ಹಹಹಾ ಅಂತಾನೆ! ಎಲ್ಲಿ, ನೀನು ಹೇಳು, ಹೊಟ್ಟೆಯಿಂದ ಹೇಳು!" ಎಂದು ಎಷ್ಟು ಬಗೆಯಲ್ಲಿ ಹೇಳಿಕೊಟ್ಟೆ! ಅವಳು ನನಗೆ ಹೆಬ್ಬೆರಳು ತೋರಿಸಿದಳು. ಟೂ ಬಿಡುವ ಹಾಗೆ. ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ. ಎರಡೆರಡು ಸಲ ಅವಮಾನ.

ತಲೆ ಕೆಟ್ಟು ಗೊಬ್ಬರವಾಗಿದೆ ಮಗಳೇ. ಜೊತೆಗೆ ನನ್ನ ಕನ್ನಡಕದ ಡಬ್ಬಿ, ಎರಡು ಚಮಚ, ಒಂದು ಕಾಲುಚೀಲ, ಎಲ್ಲ ಮಾಯ.

ಹೇಳಲು ಮರೆತೆ. ನಿನ್ನೆ ಸಂಜೆ ಕಿಟಕಿಯ ಹತ್ತಿರ ನಿಂತು 'ತಾತ' ಅಂದಳು. ಸ್ಪಷ್ಟವಾಗಿ. ಹೌದು, ಅಂದಳು. ಬೀಗ ತೆರೆಯಿತು! ನೀನು ನಿಶ್ಚಿಂತೆಯಾಗಿ ಕೆಲಸ ಮಾಡು.

ಅಪ್ಪ


ಸೆಪ್ಟೆಂಬರ್ 11, ಶುಕ್ರವಾರ

ಅಪ್ಪಾ, ಅಪ್ಪಾ, ಅಪ್ಪಾ!

ತಾತ ಅಂದಳಾ! ಅಮ್ಮ ಅನ್ನದೆ ತಾತ ಅಂದಳಲ್ಲ ಅಂತ ಒಂದು ಚೂರು ಹೊಟ್ಟೆಕಿಚ್ಚಾಯಿತು, ಅದು ಪರವಾಗಿಲ್ಲ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಹೇಗೆ ಅಂದಳು? ಮೊದಲಿನ ಹಾಗೆ ಎರಡನೇ 'ತ'ವನ್ನು ಎಳೆದಳಾ? ನಿಮ್ಮ ಕಡೆ ತಿರುಗಿ ಅಂದಳಾ, ಕಿಟಕಿಯ ಹೊರಗೆ ನೋಡಿಕೊಂಡೇ ಅಂದಳಾ? ಆಮೇಲೆ ಇನ್ನೊಂದು ಸಲ ಅಂದಳಾ? ಎಲ್ಲ ಬರೆಯಿರಿ. ಬಿಡಾರದಲ್ಲಿ ಎಲ್ಲರಿಗೂ ಹೇಳಿದೆ. ಕ್ಯಾಂಟೀನಜ್ಜಿ ನನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿ, "ಕುಡಿ, ಇವತ್ತು ನಿಂದೇ ದಿನ" ಅಂದರು.

ಇಲ್ಲಿ ಎಲ್ಲ ಚೆನ್ನಾಗಿದೆ. ಮೇಲಿನ ಕ್ಯಾಬಿನ್ನಿನಿಂದ ಸಮುದ್ರ ಕಾಣುತ್ತದೆ, ತಡೆಗೋಡೆಗೆ ಇಳಿಸಿದ ಬಂಡೆಗಳು ಹಲ್ಲಿನ ಸಾಲಿನ ಹಾಗೆ ಕಾಣುತ್ತವೆ. ಗಾಳಿ ಜೋರಿದೆ. ಬೇರೇನೂ ವಿಶೇಷವಿಲ್ಲ.

ಇಂಜಿನಿಯರಿಗೆ ಹೂಂ ಅಂದುಬಿಡೋಣ ಅಂದುಕೊಂಡಿದ್ದೇನೆ.

ನಿಮ್ಮ ಮಗಳು


ಸೆಪ್ಟೆಂಬರ್ 15, ಮಂಗಳವಾರ

ಮಗಳೇ,

ಇವತ್ತು ಪೀಠಿಕೆ ಇಲ್ಲ.

ಎಳೆದಳಾ, ತಿರುಗಿದಳಾ ಎಂದು ಪೊಲೀಸರ ಹಾಗೆ ಕೇಳಿದರೆ ಏನು ಹೇಳಲಿ? ಸಂಜೆಯ ಹೊತ್ತು, ರಸ್ತೆಯಲ್ಲಿ ಗಾಡಿಗಳ ಸದ್ದು. ಮುದುಕನ ಕಿವಿ. ಆ ವಿಷಯ ಬಿಡು.

ಅಂಗಡಿ ಆಟದ ಕಥೆ ಕೇಳು. ಮಂಚದ ಮೇಲೆ ಡಬ್ಬಿಗಳನ್ನು ಜೋಡಿಸಿದೆ. ಕಾಳಿನ ಡಬ್ಬಿ, ಸೋಪಿನ ಡಬ್ಬಿ, ಗುಂಡಿಯ ಡಬ್ಬಿ. ಹೊಲಿಗೆಯಮ್ಮ ಗಿರಾಕಿಯಾಗಿ ಬಂದಳು, ಪಾಪ, ಬಟ್ಟೆ ಹಾಳಾದ ಸಿಟ್ಟನ್ನೂ ನುಂಗಿಕೊಂಡು.

"ಅಮ್ಮಣ್ಣಿ, ಒಂದು ಪಾವು ಕಾಳು ಕೊಡಮ್ಮ" ಅಂದಳು ಹೊಲಿಗೆಯಮ್ಮ, ಮೆಲ್ಲಗೆ.

ಬುಗುರಿ ಕಾಳಿನ ಡಬ್ಬಿಗೆ ಕೈ ಹಾಕಿದಳು. ಸರಿಯಾಗಿಯೇ ನಡೆಯುತ್ತಿತ್ತು! ಆದರೆ ನೀನೇ ಹೇಳು, ಅಂಗಡಿಯಲ್ಲಿ ಯಾರಾದರೂ ಅಷ್ಟು ಮೆಲ್ಲಗೆ ಕೇಳುತ್ತಾರೆಯೇ? ಕೊನೆಯ ಸಾಲಿಗೆ ಕೇಳಿಸಬೇಡವೇ?

"ಗಿರಾಕಿ ಹೀಗೆ ಪಿಸುಗುಟ್ಟಿದ್ರೆ ವ್ಯಾಪಾರ ಆದಂಗೇ! ಗಟ್ಟಿಯಾಗಿ ಕೇಳಮ್ಮ!" ಅಂದೆ.

"ಯಾರಿಗ್ರೀ ಕೇಳಿಸ್ಬೇಕು? ಇಲ್ಲಿರೋದು ಒಂದು ಮಗು!"

"ಪ್ರೇಕ್ಷಕರಿಗೆ!"

"ಯಾವ ಪ್ರೇಕ್ಷಕರು? ಮಂಚದ ಕೆಳಗೆ ಕೂತಿದಾರಾ?"

"ಇಲ್ನೋಡು, ನಾನು ತೋರಿಸ್ತೀನಿ" ಎಂದು ನಾನೇ ಗಿರಾಕಿಯಾದೆ. "ಎಲೈ ವರ್ತಕಿಯೇ!" ಎಂದು ಆರಂಭಿಸಿದ್ದೇ ತಡ, ಬುಗುರಿ ಗುಂಡಿಯ ಡಬ್ಬಿಯನ್ನು ಹಾಗೇ ಬೋರಲು ಹಾಕಿ ಎದ್ದಳು. ನಾಲ್ಕು ನೂರು ಗುಂಡಿ! ಕೋಣೆಯ ತುಂಬ! ಹೊಲಿಗೆಯಮ್ಮ ಗುಂಡಿ ಹೆಕ್ಕುತ್ತ, "ನೀವು ಆ ಮಗೂನ ಆಡಿಸ್ತಿಲ್ಲ ಕಣ್ರೀ, ಆಡ್ಕೋತಿದೀರ" ಅಂದಳು. ನನಗೆ! ರಾಜದರ್ಬಾರಿನ ದೃಶ್ಯಕ್ಕೆ ಮೂರು ಸಲ 'ಒನ್ಸ್ ಮೋರ್' ಕೇಳಿಸಿಕೊಂಡ ನನಗೆ!

ಈಗ ನನ್ನ ದೂರು. ಈ ಕೂಸಿಗೆ ಇಂಥ ಉದ್ಧಟತನ ಯಾರು ಕಲಿಸಿದರು? ನಾನು ಸರಿಯಾಗಿ ಗಮನಿಸಿ ಬರೆದಿಟ್ಟುಕೊಂಡಿದ್ದೇನೆ, ನಟನ ಕಣ್ಣು ತಪ್ಪುವುದಿಲ್ಲ. ಹೆಬ್ಬೆರಳು ಮೇಲಕ್ಕೆ. ಹೆಬ್ಬೆರಳು ಕೆಳಕ್ಕೆ. ತೋರುಬೆರಳು ಚಾಚಿ ಬಾಗಿಲ ಕಡೆಗೆ, 'ಹೊರಗೆ ನಡೆ' ಅನ್ನುವ ಹಾಗೆ, ನನ್ನನ್ನು ಮನೆಯಿಂದಾಚೆ ಹಾಕುವಂತೆ! ಕೊನೆಗೆ ತೋಳು ಪೂರ್ತಿ ಎತ್ತಿ ಬಿಗಿಮುಷ್ಟಿ. ನಾನು ಬಾಯಿ ತೆರೆದರೆ ಸಾಕು, ಮುಷ್ಟಿ. ಗರ್ಜಿಸಿದರೆ ಎರಡೂ ಕೈಯ ಮುಷ್ಟಿ. ನಾಟ್ಯದಲ್ಲಿ ಮುಷ್ಟಿಗೆ ಅರ್ಥ ಒಂದೇ: ಯುದ್ಧ. ಎರಡೂವರೆ ವರ್ಷಕ್ಕೆ ತಾತನ ಮೇಲೆ ಯುದ್ಧ ಸಾರಿದ್ದಾಳೆ. ನಿನ್ನೆ ನಾನೂ ತೊಡೆ ತಟ್ಟಿಬಿಟ್ಟೆ. ಅವಳು ಅತ್ತಳು. ಸದ್ದಿಲ್ಲದೆ. ಬಾಯಿ ತೆರೆದಿದೆ, ಕಣ್ಣೀರು ಇಳಿಯುತ್ತಿದೆ, ಸದ್ದು ಮಾತ್ರ ಇಲ್ಲ. ಅಂಥ ಅಳುವನ್ನು ನಾನು ರಂಗದ ಮೇಲೆ ಯಾರಿಂದಲೂ ನೋಡಿಲ್ಲ.

ನನ್ನಿಂದ ಆಗುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆಯುವುದಿಲ್ಲ. ನೀನು ಸಹಿ ಹಾಕು.

ಅಪ್ಪ


ಸೆಪ್ಟೆಂಬರ್ 18, ಶುಕ್ರವಾರ

ಅಪ್ಪಾ,

ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ.

ಅದು ಉದ್ಧಟತನ ಅಲ್ಲ. ಯುದ್ಧ ಅಲ್ಲ. ಅದು ನನ್ನ ಕೆಲಸ.

ನಾನು ಅರವತ್ತು ಅಡಿ ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಕೂರುತ್ತೇನೆ. ಕೆಳಗಿನವರ ಒಂದು ಮಾತೂ ಕೇಳಿಸುವುದಿಲ್ಲ. ಕೆಳಗೆ ನಿಂತ ಸಿಗ್ನಲ್ ಅಣ್ಣನ ಕೈ ಮಾತ್ರ ನೋಡಬೇಕು. ಹೆಬ್ಬೆರಳು ಮೇಲೆ, ಎತ್ತು. ಕೆಳಗೆ, ಇಳಿಸು. ತೋರುಬೆರಳು ಯಾವ ಕಡೆಗೋ ಆ ಕಡೆಗೆ ತಿರುಗಿಸು. ಮುಷ್ಟಿ ಅಂದರೆ ನಿಲ್ಲಿಸು. ಇದ್ದಲ್ಲೇ, ತಕ್ಷಣ, ಏನೇ ಆಗಿರಲಿ ನಿಲ್ಲಿಸು.

ನೀವು ನಮ್ಮ ಮನೆಗೆ ಬರುವ ಮುಂಚೆ, ಪರೀಕ್ಷೆಗೆ ಓದುವಾಗ, ಅವಳನ್ನು ಮಂಚದ ಮೇಲೆ ನಿಲ್ಲಿಸಿ ದಿನಾ ಅಭ್ಯಾಸ ಮಾಡುತ್ತಿದ್ದೆ. ಅವಳು ಸಿಗ್ನಲ್, ನಾನು ಕ್ರೇನು. ನನ್ನ ಕೈಯಲ್ಲಿ ಹಿಡಿಕೆಯ ಪಾತ್ರೆ. ಅವಳು ಹೇಳಿದಲ್ಲಿ ಎತ್ತಿ, ಹೇಳಿದಲ್ಲಿ ಇಳಿಸುತ್ತಿದ್ದೆ. ಅದು ಅವಳಿಗೆ ಆಟವಾಗಿತ್ತು ಅಂತ ನನಗೆ ಹೊಳೆಯಲೇ ಇಲ್ಲ. ನಾನು ಪರೀಕ್ಷೆಯ ಭಯದಲ್ಲಿದ್ದೆ. ಪಟ್ಟಿಯಲ್ಲಿ ಅಕ್ಕಿ ಬರೆದೆ, ನೀರು ಬರೆದೆ, ಇದೊಂದನ್ನು ಬರೆಯಲಿಲ್ಲ. ಅದು ನನ್ನ ತಪ್ಪು.

ಆದರೆ ಅಪ್ಪಾ, ಒಂದು ತಿಂಗಳಿನಿಂದ ಆ ಮಗು ನಿಮಗೆ 'ನಿಲ್ಲಿಸು' ಅನ್ನುತ್ತಿದೆ. ಅವಳು ನಿಲ್ಲಿಸು ಅಂದಷ್ಟೂ ನೀವು ಜೋರು ಮಾಡಿದ್ದೀರಿ.

ಅವಳು 'ತಾತ' ಅನ್ನಲಿಲ್ಲ, ಅಲ್ಲವಾ?

ನಾನೂ ಒಂದು ಮುಚ್ಚಿಟ್ಟಿದ್ದೇನೆ, ಅದನ್ನೂ ಕೇಳಿಬಿಡಿ. ಒಂಬತ್ತನೇ ತಾರೀಖು ಸಂಜೆ ನಿಮ್ಮ ಆ ಕಾಗದ ಬಂತು. ಹತ್ತನೇ ತಾರೀಖು ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ಕೂತು ನಾನು 'ತಾತ', 'ತಾತ' ಅಂತ ನನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದೆ. ಸಿಗ್ನಲ್ ಅಣ್ಣ ಎತ್ತಿದ ಮುಷ್ಟಿ ನೋಡಲು ಒಂದು ಉಸಿರಿನಷ್ಟು ತಡವಾಯಿತು. ಕಾಂಕ್ರೀಟಿನ ಬಕೆಟ್ಟು ಅಟ್ಟಣಿಗೆಗೆ ಬಡಿದು ಎರಡು ಕಂಬ ಮುರಿದವು. ಮೇಲೆ ಯಾರೂ ಇರಲಿಲ್ಲ. ಅಣ್ಣ ಬೈಯಲಿಲ್ಲ, ನೆಲದ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡರು. ಅವತ್ತಿನಿಂದ ನನ್ನನ್ನು ಕೆಳಗಿಳಿಸಿದ್ದಾರೆ. ಕೊಕ್ಕೆಗೆ ಗ್ರೀಸು ಹಚ್ಚುತ್ತಿದ್ದೇನೆ. ಕ್ಯಾಬಿನ್ನಿನಿಂದ ಸಮುದ್ರ ಕಾಣುತ್ತದೆ ಅಂತ ಬರೆದದ್ದು ಸುಳ್ಳು.

ಮುಷ್ಟಿ ಕಂಡೂ ನಿಲ್ಲಿಸದವರು ನಮ್ಮ ಮನೆಯಲ್ಲಿ ಇಬ್ಬರಾದೆವು.

ನನಗೆ ಐದು ವರ್ಷವಿದ್ದಾಗ ನೀವು ನನಗೆ ಎಷ್ಟೋ ಪಾತ್ರ ಕೊಟ್ಟಿರಿ. ರಾಜಕುಮಾರಿ, ಜಿಂಕೆಮರಿ, ಬಾಗಿಲು ಕಾಯುವವಳು. ನನ್ನ ಜೊತೆ ಒಂದು ದಿನವೂ ಆಡಲಿಲ್ಲ. ನಾನು ಆಗ ಮುಷ್ಟಿ ಎತ್ತಲು ಕಲಿತಿರಲಿಲ್ಲ.

ನಾನು ಸಹಿ ಹಾಕುವುದಿಲ್ಲ. ಮೂವತ್ತನೇ ತಾರೀಖು ಬುಧವಾರದ ದೋಣಿಗೆ ಟ್ರಂಕು ಸಮೇತ ಬರುತ್ತೇನೆ.

ನಿಮ್ಮ ಮಗಳು


ಸೆಪ್ಟೆಂಬರ್ 22, ಮಂಗಳವಾರ

ಮಗಳೇ,

ಅವಳು ತಾತ ಅನ್ನಲಿಲ್ಲ. ನಾನು ಕಟ್ಟಿದ ಮಾತು. ಪ್ರೇಕ್ಷಕರು ಎದ್ದು ಹೋಗುವುದನ್ನು ಕಂಡಾಗ ಇಲ್ಲದ ಸಾಲು ಸೇರಿಸುವ ಚಾಳಿ ನನಗೆ ಹಳೆಯದು. ಆ ಬಕೆಟ್ಟಿನ ಕೆಳಗೆ ಒಬ್ಬ ಮನುಷ್ಯ ನಿಂತಿದ್ದರೆ ಎಂದು ನೆನೆದು ಮೂರು ದಿನದಿಂದ ಅನ್ನ ಇಳಿಯುತ್ತಿಲ್ಲ. ಕ್ಷಮಿಸು ಎಂದು ಬರೆದರೆ ಅದೂ ಸಂಭಾಷಣೆಯ ಹಾಗೆ ಕೇಳುತ್ತದೆ, ಬೇಡ.

ಶನಿವಾರ ನಡೆದದ್ದನ್ನು ಬರೆಯುತ್ತೇನೆ. ಇದ್ದದ್ದು ಇದ್ದ ಹಾಗೆ.

ನಿನ್ನ ಕಾಗದವನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿಯೇ ಓದತೊಡಗಿದೆ, ನನಗೆ ಬೇರೆ ಓದು ಬರುವುದಿಲ್ಲ. "ಮುಷ್ಟಿ ಅಂದರೆ ನಿಲ್ಲಿಸು" ಎಂಬಲ್ಲಿಗೆ ಬಂದೆ. ತಲೆ ಎತ್ತಿದರೆ ಬಾಗಿಲ ಬಳಿ ಬುಗುರಿ. ತೋಳು ಎತ್ತಿದೆ. ಮುಷ್ಟಿ ಬಿಗಿದಿದೆ.

ನಾನು ನಿಲ್ಲಿಸಿದೆ.

ನಲವತ್ತು ವರ್ಷದಲ್ಲಿ ಮಾತನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ಚಪ್ಪರ ಕುಸಿದಾಗಲೂ ನಾನು ಸಾಲು ಮುಗಿಸಿಯೇ ಓಡಿದವನು. ಬಾಯಿ ತೆರೆದದ್ದು ತೆರೆದೇ ಇತ್ತು, ಸದ್ದು ಮಾತ್ರ ನಿಂತಿತು. ಅವಳು ನನ್ನನ್ನು ನೋಡಿದಳು. ನಂಬಿಕೆಯಿಲ್ಲ. ಮುಷ್ಟಿ ಹಾಗೇ ಇದೆ. ನಾನೂ ಹಾಗೇ. ಹಾಲಿನವನು ಬಂದು ಗಂಟೆ ಒತ್ತಿ ಹೋದ. ಕಡೆಗೆ ಅವಳ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಆಮೇಲೆ ಹೆಬ್ಬೆರಳು ಮೇಲಕ್ಕೆ.

ಅಡುಗೆಮನೆಗೆ ಹೋಗಿ ಹಿಡಿಕೆಯ ಪಾತ್ರೆ ತಂದು ಎತ್ತಿದೆ. ಇನ್ನೂ ಮೇಲಕ್ಕೆ ಎಂದಳು ಬೆರಳಲ್ಲೇ. ಎತ್ತಿದೆ, ಭುಜ ಕಿರುಗುಟ್ಟಿತು. ಕೆಳಕ್ಕೆ ಎಂದಳು. ಇಳಿಸಿದೆ. ಇನ್ನೂ ಕೆಳಕ್ಕೆ. ಮಂಡಿ ಕಟಕ್ ಎಂದಿತು, ನನ್ನ ಬಾಯಿಂದ 'ಅಯ್ಯೋ' ಹೊರಡಬೇಕು, ಕೂಡಲೇ ಮುಷ್ಟಿ! 'ಅಯ್ಯೋ'ವನ್ನೂ ನುಂಗಿದೆ. ಅವಳು ಅಕ್ಕಿ ಡಬ್ಬಿಗೆ ಹೋಗಿ ಎರಡು ಹಿಡಿ ತಂದು ಪಾತ್ರೆಗೆ ಸುರಿದಳು. ಬೆರಳ ಸಂದಿಯಿಂದಲೇ ಸುರಿದಳು, ನೀನು ಕೇಳಿದ್ದೆಯಲ್ಲ. ಒಂದು ಕಾಳನ್ನು ಬಾಯಿಗೂ ಹಾಕಿಕೊಂಡಳು. ಆಮೇಲೆ ತೋರುಬೆರಳು ಬಾಗಿಲ ಕಡೆ. ನಾನು 'ಹೊರಗೆ ನಡೆ' ಎಂದುಕೊಂಡಿದ್ದೆನಲ್ಲ, ಅದೇ ಬೆರಳು. ತಿರುಗಿದೆ. ಬಾಗಿಲ ಹಿಂದೆ ನಿನ್ನ ಬೂಟು ಬಂದಿದ್ದ ರಟ್ಟಿನ ಪೆಟ್ಟಿಗೆ. ಇಳಿಸು ಎಂದಳು. ಇಳಿಸಿದೆ.

ಪೆಟ್ಟಿಗೆಯೊಳಗೆ ಏನಿತ್ತು ಗೊತ್ತೇ? ನನ್ನ ಮೀಸೆ. ಕನ್ನಡಕದ ಡಬ್ಬಿ. ಎರಡು ಚಮಚ. ಅರ್ಧ ಬಿಸ್ಕತ್ತು. ಒಣಗಿ ಕಲ್ಲಾದ ಹಿಟ್ಟು. ಆರು ಗುಂಡಿ. ನಿನ್ನ ಕಾಲುಚೀಲ ಒಂದು. ನಾನು ಬೆಕ್ಕಿನ ಮೇಲೆ ಕಳ್ಳತನ ಹೊರಿಸಿದ್ದೆ. ಅವಳು ತಿಂಗಳಿಂದ ಸರಕು ತುಂಬುತ್ತಿದ್ದಾಳೆ. ಎತ್ತಲು ಕ್ರೇನು ಸಿಗದೆ ಒಬ್ಬಳೇ ಹೊತ್ತು ತುಂಬಿದ್ದಾಳೆ. ಪಾತ್ರೆಯ ಅಕ್ಕಿಯನ್ನೂ ಅದರೊಳಗೆ ಸುರಿದು, ಪೆಟ್ಟಿಗೆಯ ಬಾಯಿ ಮುಚ್ಚಿ, ಕಿಟಕಿಗೆ ಹೋಗಿ, ಸಮುದ್ರದ ಕಡೆಗೆ ಬೆರಳು ಚಾಚಿ ನನ್ನನ್ನು ನೋಡಿದಳು. ಅಲ್ಲಿಗೆ ತಿರುಗಿಸು ಎನ್ನುತ್ತಿದ್ದಾಳೆ. ಅಷ್ಟುದ್ದದ ತೋಳು ನನಗೆಲ್ಲಿದೆ ಮಗಳೇ?

ಮಾತು ಒಂದು ಅಕ್ಷರವೂ ಬಂದಿಲ್ಲ. ಭಾನುವಾರವೂ ಇಲ್ಲ, ನಿನ್ನೆಯೂ ಇಲ್ಲ. ನಾನು ಎರಡು ಸಲ ಮರೆತು ಗರ್ಜಿಸಿದೆ, ಎರಡು ಸಲವೂ ಮುಷ್ಟಿ ಬಂತು, ನಿಲ್ಲಿಸಿದೆ. ಇಷ್ಟೇ ಪ್ರಗತಿ. ಸಹಿಯ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಪೆಟ್ಟಿಗೆಯನ್ನು ದಾರ ಸುತ್ತಿ ನಾಳೆ ಮಧ್ಯಾಹ್ನದ ದೋಣಿಗೆ ಹಾಕುತ್ತೇನೆ. ಏನನ್ನೂ ತೆಗೆದಿಲ್ಲ. ಮೀಸೆಯನ್ನೂ.

ಅಪ್ಪ


ಸೆಪ್ಟೆಂಬರ್ 25, ಶುಕ್ರವಾರ

ಅಪ್ಪಾ,

ಪೆಟ್ಟಿಗೆ ಬಂತು. ಮಂಚದ ಮೇಲೆ ಒಂದೊಂದೇ ತೆಗೆದಿಟ್ಟೆ. ವೆಲ್ಡಿಂಗ್ ಅಕ್ಕ ಮೀಸೆ ಹಚ್ಚಿಕೊಂಡು ನಿಮ್ಮ ಹಾಗೆ "ನೀರು! ನೀರು!" ಅಂದಳು, ಯಾರಿಗೂ ನಗು ಬರಲಿಲ್ಲ, ಅವಳೇ ತೆಗೆದಿಟ್ಟಳು. ಅಕ್ಕಿಯನ್ನು ಕ್ಯಾಂಟೀನಜ್ಜಿ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು. ಅರ್ಧ ಬಿಸ್ಕತ್ತನ್ನು ನಾನು ತಿಂದೆ. ಮೆತ್ತಗಾಗಿತ್ತು.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿದಿದೆ ಅಂತ ಬರೆದರೆ ಅದೂ ಅಲಂಕಾರವಾಗುತ್ತದೆ.

ಕಾಲುಚೀಲವನ್ನು ಹಿಡಿದುಕೊಂಡೇ ಸಿಗ್ನಲ್ ಅಣ್ಣನ ಹತ್ತಿರ ಹೋದೆ. ಎಲ್ಲ ಹೇಳಿದೆ, 'ತಾತ' ಅನ್ನುವ ಮಾತಿನಿಂದ ಹಿಡಿದು. ಅವರು, "ಎರಡೂವರೆ ವರ್ಷದ್ದು ಮುಷ್ಟಿ ಹಿಡಿದು ಕಾಯುತ್ತಾ? ಎದುರಿನವರು ನಿಲ್ಲಿಸೋವರೆಗೂ? ನಮ್ಮಲ್ಲಿ ಹೊಸಬರಿಗೆ ಅದನ್ನ ಕಲಿಸೋಕೆ ಆರು ತಿಂಗಳು ಬೇಕು ಕಣಮ್ಮ" ಅಂದರು. ಆಮೇಲೆ ಇಂಜಿನಿಯರ ಹತ್ತಿರ ಅವರೇ ಹೋಗಿ ಮಾತಾಡಿದರು. ಸೋಮವಾರ ನನಗೆ ಮತ್ತೆ ಪರೀಕ್ಷೆ. ಪಾಸಾದರೆ ಕ್ಯಾಬಿನ್ನು. ಸಹಿಗೆ ಇನ್ನೊಂದು ವಾರ ಕಾಯುತ್ತಾರಂತೆ, ಮನೆಗೆ ಹೋಗಿ ಮಗುವನ್ನು ನೋಡಿ ಬಂದು ಹೇಳು ಅಂದಿದ್ದಾರೆ.

ಬುಧವಾರ ಬರುತ್ತೇನೆ. ಟ್ರಂಕು ಇಲ್ಲೇ ಇರುತ್ತದೆ. ಮರಳಿ ಬರುತ್ತೇನೋ, ಟ್ರಂಕನ್ನು ತರಿಸಿಕೊಳ್ಳುತ್ತೇನೋ ಗೊತ್ತಿಲ್ಲ. ಅವಳನ್ನು ನೋಡದೆ ಹೇಳಲಾರೆ.

ನಿಮ್ಮ ಮಗಳು


ಸೆಪ್ಟೆಂಬರ್ 29, ಮಂಗಳವಾರ

ಮಗಳೇ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಕೈಗೇ ಕೊಡುತ್ತೇನೆ. ಮನೆಗೆ ಬರುವವಳಿಗೆ ಕಾಗದ ಯಾಕೆ ಎಂದು ಕೇಳುತ್ತೀಯ. ಹೇಳುತ್ತೇನೆ.

ಪಾಳಿ ದಿನಾ ಏಳಕ್ಕೆ ಶುರುವಾಗುತ್ತದೆ. ಕ್ರೇನು ಹಲ್ಲುಜ್ಜಿ ಸಿದ್ಧವಾಗಿರಬೇಕು. ಅಕ್ಕಿ ಅಡುಗೆಮನೆಯಿಂದ ನಡುಮನೆಗೆ, ನೀರು ಲೋಟದಿಂದ ಲೋಟಕ್ಕೆ, ಗುಂಡಿ ಮಂಚದಿಂದ ಕಿಟಕಿಗೆ. ನಿನ್ನ ಪಟ್ಟಿಯ ಆಟ ಎಲ್ಲವೂ ಆಗುತ್ತಿದೆ, ನಾನು ಆಡಿಸುತ್ತಿಲ್ಲ ಅಷ್ಟೇ. ಸ್ಪಂಜನ್ನು ನೀರಿನಿಂದ ಎತ್ತಿ ಗಾಳಿಯಲ್ಲಿ ಹಿಡಿದು ನೋಡುತ್ತಿದ್ದಳಲ್ಲ, ಭಾರ ತೂಗಾಡುವುದು ನಿಲ್ಲಲಿ ಎಂದು ಕಾಯುತ್ತಿದ್ದಳು. ನಾನು ಅದನ್ನು 'ಏನೂ ಇಲ್ಲ' ಎಂದು ಬರೆದಿದ್ದೆ. ಹೊಲಿಗೆಯಮ್ಮ ಬಂದು ನೋಡಿ, "ಏನ್ರೀ ಇದು, ಯಜಮಾನ್ರು ಮೌನ ವ್ರತಾನಾ?" ಅಂದಳು. ಉತ್ತರ ಕೊಡಲು ಬಾಯಿ ತೆರೆದೆ, ಮುಷ್ಟಿ ಬಂತು. ಹೊಲಿಗೆಯಮ್ಮ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. ಈಗಲೂ ಏರುತ್ತದೆ, ದಿನಕ್ಕೆ ಹತ್ತು ಸಲ. ಒಂದು ಒಳ್ಳೆಯ ಸಾಲು ನಾಲಗೆಯ ತುದಿಗೆ ಬಂದು ವಾಪಸು ಹೋಗುವ ಸಂಕಟ ನಿನಗೆ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ, ಪಾತ್ರೆಯನ್ನು ಪೆಟ್ಟಿಗೆಯಿದ್ದ ಖಾಲಿ ಜಾಗಕ್ಕೆ ಇಳಿಸಿದಾಗ, ಒಂದು ಸಂಗತಿ ನಡೆಯಿತು. ಬುಗುರಿ ಆ ಖಾಲಿ ಜಾಗವನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಆಮೇಲೆ. ಇಲ್ಲ. ಅದನ್ನು ನಾನು ಬರೆಯುವುದಿಲ್ಲ. ಒಮ್ಮೆ ಬರೆದು ಎರಡು ಕಂಬ ಮುರಿದಿದ್ದೇನೆ. ಕೇಳಿಸಿತೋ, ಮುದುಕನ ಕಿವಿಯ ಆಸೆಯೋ, ನೀನೇ ಬಂದು ಕೇಳು. ಕೇಳಿಸಿದರೆ ನೀನು ತೀರ್ಮಾನ ಮಾಡು, ಕೇಳಿಸದಿದ್ದರೂ ನೀನೇ ಮಾಡು.

ನಾಳೆ ಬೆಳಿಗ್ಗೆ ಏಳಕ್ಕೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೋಣಿ ಕಟ್ಟುವ ಜೆಟ್ಟಿಯ ತುದಿಯಲ್ಲಿ ನಿಲ್ಲುತ್ತೇನೆ. ಸ್ವಾಗತ ಭಾಷಣ ಇರುವುದಿಲ್ಲ. ದೋಣಿ ಹತ್ತಿರ ಬಂದಾಗ ಅವಳ ಕೈ ನೋಡು, ನನ್ನ ಮುಖ ನೋಡಬೇಡ. ಅವಳು ತಿರುಗು ಅಂದ ಕಡೆಗೆ ತಿರುಗುತ್ತೇನೆ, ಇಳಿಸು ಅಂದಲ್ಲಿ ನಿನ್ನ ಮುಂದೆ ಇಳಿಸುತ್ತೇನೆ. ಈ ಕಾಗದ ನಿನ್ನ ಕೈಗಿಟ್ಟು ಹಿಂದೆ ಸರಿಯುತ್ತೇನೆ. ಆಮೇಲೆ ನೀವಿಬ್ಬರೂ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ. ಮುಷ್ಟಿ ತೆರೆಯುವವರೆಗೆ ನಾನು ಬಾಯಿ ತೆರೆಯುವುದಿಲ್ಲ.

ಅಪ್ಪ